ಕತ್ತರಿ ಮಾಸ್ಟರು ಮಗನಿಗೆ ವಕೀಲರನ್ನು ಹುಡುಕಿದ್ದು

ಕೋರ್ಟಿನ ಹಿಂಬಾಗಿಲಿಗೆ ಎದುರಾಗಿ ಒಂದು ಹೊಲಿಗೆ ಅಂಗಡಿ. ಒಳಗೆ ಕಾಲಿಟ್ಟರೆ ಕರಿ ಬಣ್ಣ ಬಿಟ್ಟು ಬೇರೆ ಬಣ್ಣ ಕಣ್ಣಿಗೆ ಬೀಳುವುದಿಲ್ಲ. ಗೋಡೆಯ ಮೇಲೆ ಕರಿ ಕೋಟು, ಹಗ್ಗದ ಮೇಲೆ ಕರಿ ಗೌನು, ನೆಲದ ಮೇಲೆ ಕರಿ ಚಿಂದಿ. ಊರಿನ ವಕೀಲರಲ್ಲಿ ಮುಕ್ಕಾಲು ಪಾಲು ಜನ ಆ ಅಂಗಡಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತು ಅಳತೆ ಕೊಟ್ಟವರೇ.

ಅಂಗಡಿಯ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ಕತ್ತರಿ ಮಾಸ್ಟರು. ಬಟ್ಟೆ ಕತ್ತರಿಸುತ್ತಾರೆ ಅಂತ ಇಟ್ಟ ಹೆಸರಲ್ಲ. ಬಟ್ಟೆ ಕತ್ತರಿಸದ ದರ್ಜಿ ಎಲ್ಲಿದ್ದಾನೆ? ಮಾಸ್ಟರು ಬಟ್ಟೆಗಿಂತ ಮನುಷ್ಯರನ್ನೇ ಹೆಚ್ಚು ಕತ್ತರಿಸುತ್ತಿದ್ದರು. ಗಿರಾಕಿ ಮೆಟ್ಟಿಲು ಇಳಿಯುವುದೇ ತಡ, ಅವನ ಬೆನ್ನ ಮೇಲೊಂದು ಮಾತು ಬಿದ್ದಿರುತ್ತಿತ್ತು. "ಇವನಿಗೆ ಕೋಟು ಯಾಕೆ, ದಿಂಬಿನ ಕವರ್ ಸಾಕು" ಎಂದು ಒಬ್ಬನಿಗೆ. "ಕುತ್ತಿಗೇನೇ ಇಲ್ಲ, ಕಾಲರ್ ಬೇಕಂತೆ" ಎಂದು ಇನ್ನೊಬ್ಬನಿಗೆ. ಮೂಗು ಮುರಿಯುವುದು ಅವರಿಗೆ ಉಸಿರಾಟದಷ್ಟೇ ಸಲೀಸು. ಹೆಂಡತಿಯ ಅಡುಗೆ, ನಾದಿನಿಯ ನಗು, ಎದುರಿನ ಟೈಪಿಸ್ಟನ ಚಪ್ಪಲಿ, ಯಾವುದೂ ಅವರ ಬಾಯಿಗೆ ಸಿಗದೆ ಉಳಿದದ್ದಿಲ್ಲ. ಇದಕ್ಕೆಲ್ಲ ಅವರು ಕೊಟ್ಟುಕೊಂಡಿದ್ದ ಹೆಸರು ನೇರ ನುಡಿ. ಜಗತ್ತಿನಲ್ಲಿ ನೇರ ನುಡಿ ಎಂಬ ಹೆಸರಿನ ಕೆಳಗೆ ನಡೆದಷ್ಟು ಹೊಲಸು ಬೇರೆ ಯಾವ ಹೆಸರಿನ ಕೆಳಗೂ ನಡೆದಿರಲಾರದು.

ಅದರ ಜೊತೆಗೆ ಅವರಿಗೆ ಇನ್ನೊಂದು ಖಯಾಲಿ ಇತ್ತು. ವಕೀಲರ ಕೋಟು ನೋಡಿ ವಕೀಲರ ಯೋಗ್ಯತೆ ಹೇಳುವುದು. ಕೋಟಿನ ಹಿಂಭಾಗ ನುಣ್ಣಗೆ ಹೊಳೆಯುತ್ತಿದ್ದರೆ ಅವನು ಬೆಂಚಿನ ಮೇಲೆ ಕೂತು ಕಾಲ ಕಳೆಯುವವನು. ಜೇಬಿನ ಬಾಯಿ ಹರಿದಿದ್ದರೆ ದುಡ್ಡಿನ ಆಸೆಬುರುಕ. ಆದರೆ ಬಲ ಮೊಣಕೈ ಸವೆದಿತ್ತೋ, ಅವನೇ ನಿಜವಾದ ವಕೀಲ. "ಮೊಣಕೈ ಮೇಜಿಗೆ ಊರಿ, ಮುಂದಕ್ಕೆ ಬಗ್ಗಿ ವಾದ ಮಾಡ್ತಾನೆ ಅಂತ ಅರ್ಥ" ಎನ್ನುತ್ತಿದ್ದರು. ಯಾರಿಗಾದರೂ ವಕೀಲರು ಬೇಕಾದಾಗ ಕೋರ್ಟಿಗೆ ಹೋಗುವ ಮೊದಲು ಮಾಸ್ಟರ ಅಂಗಡಿಯ ಮುಂದೆ ನಿಲ್ಲುವುದು ಆ ಬೀದಿಯಲ್ಲಿ ರೂಢಿಯಾಗಿತ್ತು. ಮಾಸ್ಟರು ಕತ್ತರಿಯ ತುದಿಯಲ್ಲಿ ಒಬ್ಬನನ್ನು ತೋರಿಸುತ್ತಿದ್ದರು. ಆ ಬಡಪಾಯಿಗಳು ಗೆದ್ದರೋ ಸೋತರೋ ಎಂದು ಮಾಸ್ಟರು ತಿರುಗಿ ವಿಚಾರಿಸಿದ್ದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುವವರು ನಾಲ್ಕನೆಯ ಕಾಲು ಹುಡುಕಿಕೊಂಡು ಹೋಗುತ್ತಾರೆಯೇ?

ಮಾಸ್ಟರಿಗೆ ಒಬ್ಬನೇ ಮಗ. ಮೀಸೆ ಬಂದ ಗಂಡಸು, ಅಪ್ಪನ ಅಂಗಡಿಯಲ್ಲೇ ಕೆಲಸ. ಗುಂಡಿ ಹಾಕುವುದು, ಗುಂಡಿ ತೂರುವ ಕಾಜಾ ಹೊಲಿಯುವುದು, ಅಂಚು ಮಡಿಸುವುದು ಅವನ ಪಾಲು. ಅವನ ಕೈ ಹೇಗಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅವನು ಹೊಲಿದದ್ದನ್ನೆಲ್ಲ ಮಾಸ್ಟರು ಗಿರಾಕಿಗಳ ಮುಂದೆಯೇ ಒಮ್ಮೆ ಬೈದು, ಒಮ್ಮೊಮ್ಮೆ ಬಿಚ್ಚಿಸಿ, ಮತ್ತೆ ಹೊಲಿಸುತ್ತಿದ್ದರು. "ಇದು ಕಾಜಾನೋ ಇಲಿ ಬಿಲಾನೋ?" ಮಗ ಬಿಚ್ಚುತ್ತಿದ್ದ, ಹೊಲಿಯುತ್ತಿದ್ದ, ಮಾತಾಡುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚಿದ ಮೇಲೆ ಹಳೆಯ ಸ್ಕೂಟರ್ ಹತ್ತಿ ಇಬ್ಬರು ಸ್ನೇಹಿತರ ಜೊತೆ ಎಲ್ಲಿಗೋ ಹೋಗಿ ಬರುತ್ತಿದ್ದ. ಬಂದಾಗ ಮುಖ ಸ್ವಲ್ಪ ಹಗುರಾಗಿರುತ್ತಿತ್ತು. ಯಾಕೆ ಎಂದು ಮಾಸ್ಟರು ಕೇಳಲಿಲ್ಲ. ಅವರು ಕೇಳುವ ಜಾತಿಯಲ್ಲ, ಹೇಳುವ ಜಾತಿ.

ಒಂದು ಸಂಜೆ ಸೇತುವೆಯ ಹತ್ತಿರ ಪೊಲೀಸರು ಗಾಡಿಗಳನ್ನು ತಡೆದು ನೋಡುತ್ತಿದ್ದರು. ಮಗನ ಸ್ಕೂಟರಿನ ಸೀಟಿನ ಕೆಳಗೆ, ಮಳೆಯಂಗಿಯ ಮಡಿಕೆಯಲ್ಲಿ, ಒಂದು ಗಾಂಜಾ ಪೊಟ್ಟಣ ಸಿಕ್ಕಿತು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಪೊಟ್ಟಣ.

ಸ್ಟೇಷನ್ನಿನಿಂದ ಫೋನು ಬಂದಾಗ ಮಾಸ್ಟರು ಕುತ್ತಿಗೆಯ ಟೇಪು ತೆಗೆಯುವುದನ್ನೂ ಮರೆತು ಓಡಿದರು. ಓಡಿದ್ದು ಅಪ್ಪನೇ, ಅದರಲ್ಲಿ ಸುಳ್ಳಿಲ್ಲ. ಆದರೆ ಸ್ಟೇಷನ್ನಿನ ಬಾಗಿಲು ದಾಟಿದ ಕೂಡಲೇ ಅಪ್ಪ ಹಿಂದೆ ಉಳಿದು, ಮಾಸ್ಟರು ಮುಂದೆ ಬಂದರು. ಬೆಂಚಿನ ಮೇಲೆ ಮಗ ತಲೆ ತಗ್ಗಿಸಿ ಕೂತಿದ್ದ. ಇನ್ಸ್‌ಪೆಕ್ಟರು ಅಂಥಾ ಕೆಟ್ಟ ಮನುಷ್ಯನೇನೂ ಅಲ್ಲ. ಚಹಾ ಕುಡಿಯುತ್ತಾ, ನಿಧಾನವಾಗಿಯೇ ಕೇಳಿದರು.

"ಸ್ವಲ್ಪಾನೇ ಸಿಕ್ಕಿದೆ. ನಾನೇ ಸೇದೋಕೆ ಇಟ್ಕೊಂಡಿದ್ದೆ ಅಂತಾನೆ ನಿಮ್ಮ ಹುಡುಗ. ನೀವೇನ್ ಹೇಳ್ತೀರಿ?"

ಬೇರೆ ಯಾವ ಅಪ್ಪನಾದರೂ ಈ ಮಾತಿನ ಒಳಗೆ ತೆರೆದಿದ್ದ ಬಾಗಿಲನ್ನು ನೋಡುತ್ತಿದ್ದ. ಗೊತ್ತಿಲ್ಲ ಸಾರ್, ಇದೇ ಮೊದಲು ಸಾರ್ ಎನ್ನುತ್ತಿದ್ದ. ಅತ್ತಾದರೂ ಅಳುತ್ತಿದ್ದ. ಮಾಸ್ಟರಿಗೆ ಕಂಡದ್ದು ಬಾಗಿಲಲ್ಲ, ಸಭೆ. ಇನ್ಸ್‌ಪೆಕ್ಟರು, ಇಬ್ಬರು ಪೇದೆಗಳು, ಪೆನ್ನು ಹಿಡಿದು ಕೂತ ರೈಟರು. ಇಷ್ಟು ಜನ ತಮ್ಮ ಮಾತಿಗೆ ಕಾದು ಕೂತದ್ದನ್ನು ಅವರು ಎಂದೂ ಕಂಡಿರಲಿಲ್ಲ.

"ಸೇದೋಕಾ?" ಎಂದು ಮಾಸ್ಟರು ಶುರು ಮಾಡಿದರು. "ಇವನೊಬ್ಬನೇ ಸೇದೋನಾ ಸಾರ್? ಊರಿಗೆಲ್ಲ ಹಂಚ್ತಾನೆ! ನನ್ನ ಅಂಗಡೀನ ಗಾಂಜಾ ಅಂಗಡಿ ಮಾಡಿಟ್ಟಿದ್ದಾನೆ. ವರ್ಷಗಟ್ಲೆಯಿಂದ ಇದೇ ಕಸುಬು. ಒಂದು ಗುಂಡಿ ನೆಟ್ಟಗೆ ಹಾಕೋಕೆ ಬರಲ್ಲ, ವ್ಯಾಪಾರ ಮಾತ್ರ ಚೆನ್ನಾಗಿ ಬರುತ್ತೆ. ಒಳಗೆ ಹಾಕಿ ಸಾರ್ ನಾಲ್ಕು ದಿನ, ಬುದ್ಧಿ ಬರ್ಲಿ."

ರೈಟರು ಬರೆದುಕೊಂಡರು. ಇನ್ಸ್‌ಪೆಕ್ಟರು ಚಹಾದ ಲೋಟ ಕೆಳಗಿಟ್ಟು ಇನ್ನೊಮ್ಮೆ ಕೇಳಿದರು, "ಹಂಚ್ತಾನಾ?" ಮಾಸ್ಟರು, "ಹಂಚೋದೇನು ಬಂತು, ಮಾರ್ತಾನೆ!" ಎಂದರು. ಮಗ ತಲೆಯೆತ್ತಿ ಅಪ್ಪನನ್ನು ನೋಡಿದ. ಕಾಜಾ ಬಿಚ್ಚು ಅಂದಾಗ ನೋಡುತ್ತಿದ್ದ ಹಾಗೆಯೇ ನೋಡಿದ.

ಇಂಥ ಖಡಕ್ಕಾದ ಅಪ್ಪನನ್ನು ಪೊಲೀಸರು ಮೆಚ್ಚಿಕೊಂಡು, ಮಗನಿಗೆ ಎರಡು ಬೈದು ಕಳಿಸಿಕೊಡುತ್ತಾರೆ ಎಂದು ಮಾಸ್ಟರು ನಂಬಿದ್ದರು. ಪೊಲೀಸರು ಮೆಚ್ಚಿಕೊಂಡರು, ನಿಜ. ಸಹಿಯನ್ನೂ ಹಾಕಿಸಿಕೊಂಡರು. ಮನೆಗೆ ಬಂದು ಮಾಸ್ಟರು ಎಲ್ಲವನ್ನೂ ಹೆಂಡತಿಯ ಮುಂದೆ ಅಭಿನಯ ಸಮೇತ ಹೇಳಿದರು.

ಹೆಂಡತಿ ಕೇಳಿದ್ದು ಒಂದೇ ಮಾತು. "ನೀವು ಅಂದಿದ್ದನ್ನ ಅವರು ಬರ್ಕೊಂಡ್ರಾ?"

"ಬರ್ಕೊಳ್ದೆ? ಒಂದಕ್ಷರ ಬಿಡದ ಹಾಗೆ."

ಆಕೆ ಗೋಡೆ ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತಳು.

ಯಾಕೆ ಕೂತಳೆಂಬುದು ಮಾಸ್ಟರಿಗೆ ತಿಳಿದದ್ದು ಮರುದಿನ, ಮಗನನ್ನು ಜೈಲಿಗೆ ಕಳಿಸಿದರು ಎಂದು ಎದುರಿನ ಟೈಪಿಸ್ಟ್ ಬಂದು ಹೇಳಿದಾಗ. ಸೇದುವುದಕ್ಕೆ ಇಟ್ಟುಕೊಂಡವನ ಕೇಸು ಬೇರೆ, ಮಾರುವವನ ಕೇಸು ಬೇರೆ. ಮೊದಲನೆಯದಾಗಿದ್ದರೆ ದಂಡ ಕಟ್ಟಿಸಿಕೊಂಡು ಬಿಟ್ಟರೂ ಬಿಡುತ್ತಿದ್ದರು. ಎರಡನೆಯದರಲ್ಲಿ ಜಾಮೀನು ಸಿಗುವುದೇ ದುಸ್ತರ, ಸಾಬೀತಾದರೆ ವರ್ಷಗಟ್ಟಲೆ ಒಳಗೆ. ಹುಡುಗನ ಪ್ರಾಯವೆಲ್ಲ ಅಲ್ಲೇ ಕರಗಿಹೋಗುತ್ತದೆ. "ಮಾರ್ತಾನೆ ಅಂತ ಪೊಲೀಸರಿಗೆ ಬೇರೆ ಸಾಕ್ಷಿ ಏನೂ ಇಲ್ಲ ಮಾಸ್ಟ್ರೇ" ಎಂದ ಟೈಪಿಸ್ಟ್, ತನ್ನ ಚಪ್ಪಲಿಯನ್ನು ನೋಡಿಕೊಳ್ಳುತ್ತಾ. "ನೀವೇ."

ಮಾಸ್ಟರಿಗೆ ಭಯವಾಯಿತು. ಮಗನ ಮೇಲಿನ ಪ್ರೀತಿ ಇಷ್ಟು ದಿನ ಎಲ್ಲಿತ್ತೋ ಅಲ್ಲಿಂದ ಎದ್ದು ಬಂತು. ಆದರೆ ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. "ವಕೀಲರಿಗೇನು ಬರ, ನನ್ನ ಕೈಯಲ್ಲೇ ಇದ್ದಾರೆ ಎಲ್ಲ" ಎಂದು ಅಂಗಡಿಯಿಂದ ಇಳಿದರು.

ಮೊದಲು ಹೋದದ್ದು ತೀರ ಮರ್ಯಾದಸ್ಥ ಎಂದು ಹೆಸರಾದ ಹಿರಿಯ ವಕೀಲರ ಬಳಿಗೆ. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಮೊಮ್ಮಕ್ಕಳ ಫೋಟೋ. ಗಾಂಜಾ ಎಂಬ ಪದ ಕಿವಿಗೆ ಬಿದ್ದದ್ದೇ, ಮಾಸ್ಟರ ಜೇಬಿನಲ್ಲಿಯೂ ಒಂದು ಪೊಟ್ಟಣ ಇರಬಹುದೋ ಎಂಬಂತೆ ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

"ನಮ್ಮದೆಲ್ಲ ಆಸ್ತಿ ಪಾಲು, ಗೋಡೆ ಜಗಳ, ಇಂಥವು ಮಾಸ್ಟ್ರೇ. ಮಾನಸ್ಥರು ಈ ಕೇಸೆಲ್ಲ ಮುಟ್ಟಲ್ಲ" ಎಂದರು. ಅದೇ ಉಸಿರಿನಲ್ಲಿ, "ನನ್ನ ಕೋಟು ಶುಕ್ರವಾರಕ್ಕೆ ಕೊಡ್ತೀರಲ್ಲ?" ಎಂದೂ ಕೇಳಿದರು. ಪಾಲು ಕೇಳಿ ಬಂದ ಅಣ್ಣ ತಮ್ಮಂದಿರನ್ನು ಬೀದಿಗೆ ತಂದು ಅವರ ಮನೆಯನ್ನೇ ಶುಲ್ಕವಾಗಿ ಬರೆಸಿಕೊಂಡ ಮಹಾನುಭಾವರು ಅವರು. ಮಾನ ಎಂಬುದು ಎಂಥೆಂಥವರ ಮನೆಯಲ್ಲಿ ಬಾಡಿಗೆಗೆ ಇರುತ್ತದೆ ನೋಡಿ.

ಎರಡನೆಯವನು ಎಳೆಯ ವಕೀಲ. ಬಾಗಿಲಿಗಿಂತ ಅಗಲವಾದ ಬೋರ್ಡು ಹಾಕಿಸಿದ್ದ, ಗಾಂಜಾ ಕೇಸು ಎಂದರೆ ಕಣ್ಣರಳಿಸಿದ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಉಪಾಯ ಹೇಳಿದ. "ಸ್ಕೂಟರಲ್ಲಿ ಹಿಂದೆ ಇನ್ನೊಬ್ಬ ಕೂತಿದ್ದ, ಅವನೇ ಇಟ್ಟಿದ್ದು ಅಂದ್ಬಿಡೋಣ. ನಿಮ್ಮ ಮಗನಿಗೆ ಸ್ನೇಹಿತರಿದ್ದಾರಲ್ಲ? ಅದರಲ್ಲಿ ಬಡವರ ಮನೆಯೋನು ಯಾರು?"

ಮಾಸ್ಟರು ಯಾರನ್ನು ಬೇಕಾದರೂ ಬೈದಾರು, ಆದರೆ ಬಡವರ ಮಗನನ್ನು ಹಿಡಿದು ಬೆಂಕಿಗೆ ಹಾಕುವಷ್ಟು ಕೆಟ್ಟವರಲ್ಲ. ಎದ್ದು ಬಂದರು. ಬರುವಾಗ, "ಬೋರ್ಡಿನ ಹಲಗೇಲಿ ಒಂದು ಶವಪೆಟ್ಟಿಗೆ ಆಗ್ತಿತ್ತು" ಎಂದು ಅಂದೇ ಬಂದರು.

ಕೊನೆಗೆ ಮಾಸ್ಟರು ತಮ್ಮದೇ ಶಾಸ್ತ್ರವನ್ನು ತೆಗೆದರು. ಊರಿನಲ್ಲೆಲ್ಲ ಅತಿ ಹೆಚ್ಚು ಸವೆದ ಬಲ ಮೊಣಕೈ ಯಾರದು? ಯೋಚಿಸಬೇಕಾಗಿಯೇ ಇರಲಿಲ್ಲ. ಒಬ್ಬ ವಕೀಲರ ಕೋಟಿಗೆ ಅವರು ಎಷ್ಟು ಸಲ ಮೊಣಕೈಗೆ ತೇಪೆ ಹಾಕಿದ್ದರೆಂದರೆ, ಅಲ್ಲಿ ಮೂಲ ಬಟ್ಟೆಯೇ ಉಳಿದಿರಲಿಲ್ಲ. ಮಾತು ಕಡಿಮೆ, ತಲೆಯ ತುಂಬ ನರೆ, ಅರೆ ಮುಚ್ಚಿದ ಕಣ್ಣು. "ಆಳ ಇರೋ ಮನುಷ್ಯ" ಎಂದರು ಮಾಸ್ಟರು ಹೆಂಡತಿಗೆ. ಮೊಣಕೈ ವಕೀಲರು ಕೇಸನ್ನು ಎರಡು ಮಾತಿಲ್ಲದೆ ತೆಗೆದುಕೊಂಡರು. ಹುಡುಗನನ್ನು ನೋಡಬೇಕು ಎನ್ನಲಿಲ್ಲ, ಏನಾಯಿತು ಎಂದು ಕೇಳಲಿಲ್ಲ. ಕೇಳದೆಯೇ ಎಲ್ಲ ತಿಳಿದಿರಬೇಕು ಎಂದುಕೊಂಡು ಮಾಸ್ಟರು ಇನ್ನಷ್ಟು ಮೆಚ್ಚಿದರು.

ಮೊದಲ ಸಲ ಅವರು ಕೋರ್ಟಿನಲ್ಲಿ ಎದ್ದು ನಿಂತು ವಾಯಿದೆ ಕೇಳಿದರು. ಎರಡನೆಯ ಸಲವೂ ವಾಯಿದೆ. ಮೂರನೆಯ ಸಲ ಸರ್ಕಾರಿ ವಕೀಲ, ಮಾಸ್ಟರು ಸ್ಟೇಷನ್ನಿನಲ್ಲಿ ಅಂದದ್ದನ್ನು ತಂಪಾದ ದನಿಯಲ್ಲಿ ಓದಿದ. ಊರಿಗೆಲ್ಲ ಹಂಚುತ್ತಾನೆ. ವರ್ಷಗಟ್ಟಲೆಯಿಂದ ಇದೇ ಕಸುಬು. ಮೊಣಕೈ ವಕೀಲರು, "ಹೆತ್ತ ತಂದೆಯೇ ಹೇಳಿದ ಮೇಲೆ ನಾನೇನು ಹೇಳಲಿ ಸ್ವಾಮಿ" ಎಂದು ಕೂತರು. ಜಾಮೀನು ಸಿಗಲಿಲ್ಲ.

ಮಾಸ್ಟರು ಅವರನ್ನು ಹುಡುಕಿಕೊಂಡು ವಕೀಲರ ವಿಶ್ರಾಂತಿ ಕೋಣೆಗೆ ನುಗ್ಗಿದರು. ಒಳಗೆ ಫ್ಯಾನಿನ ಕೆಳಗೆ ಒಂದು ಮೇಜು, ಸುತ್ತ ನಾಲ್ಕು ಕರಿ ಕೋಟು. ಮೊಣಕೈ ವಕೀಲರ ಕಣ್ಣು ಆಗ ಅರೆ ಮುಚ್ಚಿರಲಿಲ್ಲ, ಪೂರಾ ತೆರೆದಿತ್ತು. ಬಲ ಮೊಣಕೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಗ್ಗಿ, ಒಂದೊಂದೇ ಇಸ್ಪೀಟು ಎಲೆಯನ್ನು ಪಟಾರನೆ ಹಾಕುತ್ತಿದ್ದರು. ಎಲೆ ಹಾಕಿದಾಗಲೆಲ್ಲ ಮೊಣಕೈ ಮೇಜಿಗೆ ಉಜ್ಜುತ್ತಿತ್ತು. ಬಾಗಿಲಿನಲ್ಲಿ ನಿಂತ ಮಾಸ್ಟರನ್ನು ಕಂಡು ಅವರು, "ಬನ್ನಿ ಮಾಸ್ಟ್ರೇ, ಈ ತೋಳು ಮತ್ತೆ ಹೋಗಿದೆ ನೋಡಿ" ಎಂದರು.

ಹೆಂಡತಿಗೆ ಒಬ್ಬಳು ತಂಗಿ, ಅಂದರೆ ಮಾಸ್ಟರಿಗೆ ನಾದಿನಿ. ಆಸ್ಪತ್ರೆಯಲ್ಲಿ ಆಯಾ ಕೆಲಸ, ಗಂಡನಿಲ್ಲ, ಮಕ್ಕಳಿಲ್ಲ, ಎರಡು ಕೋಣೆಯ ಬಾಡಿಗೆ ಮನೆ. ನಕ್ಕರೆ ಮೂರು ಮನೆಗೆ ಕೇಳಿಸುತ್ತಿತ್ತು, ಅದಕ್ಕೇ ಮಾಸ್ಟರು ಅವಳನ್ನು ರೇಡಿಯೋ ಎನ್ನುತ್ತಿದ್ದರು. ಹುಡುಗ ಜೈಲಿಗೆ ಹೋದಾಗಿನಿಂದ ಭೇಟಿಯ ದಿನ ತಪ್ಪದೆ ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದವಳು ಅವಳೇ. ಮಾಸ್ಟರು ಮಾತ್ರ ಒಂದು ಸಲವೂ ಹೋಗಲಿಲ್ಲ. ಜೈಲಿನ ಮೆಟ್ಟಿಲು ಹತ್ತುವ ವಂಶ ನಮ್ಮದಲ್ಲ ಎಂದರು. ನಿಜವಾದ ಕಾರಣ ಬೇರೆ: ಮಗನ ಮುಖ ನೋಡಲು ಹೆದರಿಕೆ.

ಒಂದು ಮಧ್ಯಾಹ್ನ ನಾದಿನಿ ನೆಟ್ಟಗೆ ಅಂಗಡಿಗೆ ಬಂದಳು.

"ಭಾವ, ಜೈಲಿನ ಗೇಟಲ್ಲಿ ಕ್ಯೂ ಇರುತ್ತಲ್ಲ, ಅಲ್ಲಿ ಬರೋ ತಾಯಂದಿರನ್ನೆಲ್ಲ ಕೇಳ್ದೆ. ಗಾಂಜಾ ಕೇಸಲ್ಲಿ ಸಿಕ್ಕಿಬಿದ್ದ ಹುಡುಗರನ್ನ ಯಾರು ಬಿಡಿಸಿದ್ದು ಅಂತ. ಎಲ್ಲರೂ ಒಬ್ಬರ ಹೆಸರೇ ಹೇಳ್ತಾರೆ. ಬೇಕರಿ ಮೇಲಿರೋ ವಕೀಲಮ್ಮ. ನಿನ್ನೆ ಹೋಗಿ ವಿಷಯ ಎಲ್ಲ ಹೇಳಿ ಬಂದೆ."

"ಕ್ಯೂನಲ್ಲಿ ನಿಂತೋರನ್ನ ಕೇಳಿ ವಕೀಲರನ್ನ ಹಿಡೀತಾರಾ? ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ" ಎಂದರು ಮಾಸ್ಟರು. ತಮ್ಮ ಬುದ್ಧಿ ಇಷ್ಟು ದಿನ ಮೊಣಕೈಯಲ್ಲಿತ್ತು ಎಂಬುದು ಅವರಿಗೆ ಹೊಳೆಯಿತೋ ಏನೋ, ಮುಂದಕ್ಕೆ ಮಾತು ಬೆಳೆಸದೆ ಚಪ್ಪಲಿ ಮೆಟ್ಟಿದರು.

ಬೇಕರಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಒಂದೇ ಒಂದು ಕೋಣೆ. ಕೆಳಗಿನ ಒಲೆಯ ಬಿಸಿಗೆ ನೆಲ ಬೆಚ್ಚಗಿತ್ತು, ಗಾಳಿಯೆಲ್ಲ ಬ್ರೆಡ್ಡಿನ ವಾಸನೆ. ಕಾಗದದ ಕಟ್ಟುಗಳು ಕಪಾಟಿನಲ್ಲಿ ಹಿಡಿಸದೆ ಕಿಟಕಿಯ ಮೇಲೂ ಕೂತಿದ್ದವು. ವಕೀಲಮ್ಮ ಚಹಾಕ್ಕೆ ಬನ್ನು ಅದ್ದಿಕೊಂಡು ತಿನ್ನುತ್ತಾ ಏನೋ ಓದುತ್ತಿದ್ದರು. ಮಾಸ್ಟರ ಕಣ್ಣು ಅವರ ಮುಖಕ್ಕಿಂತ ಮೊದಲು ಹೋದದ್ದು ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟಿನ ಮೇಲೆ. ಭುಜ ಜೋತುಬಿದ್ದಿತ್ತು, ಒಂದು ಗುಂಡಿ ಕಂದು ಬಣ್ಣದ್ದು.

"ಈ ಕೋಟು ಯಾರಮ್ಮಾ ಹೊಲಿದಿದ್ದು? ಗೋಣಿಚೀಲಕ್ಕೆ ತೋಳು ಇಟ್ಟ ಹಾಗಿದೆ."

ನಾದಿನಿ ಹಣೆ ಚಚ್ಚಿಕೊಂಡಳು. ವಕೀಲಮ್ಮ ಕೋಟನ್ನೊಮ್ಮೆ ತಿರುಗಿ ನೋಡಿ, "ಹೌದು, ಹಾಗೇ ಇದೆ" ಎಂದರು. "ಕೂತ್ಕೊಳ್ಳಿ. ನೀವೇ ಅಲ್ವಾ ಸ್ಟೇಷನ್ನಲ್ಲಿ ಹೇಳಿಕೆ ಕೊಟ್ಟೋರು?"

ಅಲ್ಲಿಂದ ಮುಂದಕ್ಕೆ ಪ್ರಶ್ನೆ ಕೇಳುವ ಸರದಿ ಮಾಸ್ಟರದಾಗಿರಲಿಲ್ಲ.

"ನಿಮ್ಮ ಮಗ ಗಾಂಜಾ ಮಾರಿದ್ದನ್ನ ನೀವು ನೋಡಿದ್ದೀರಾ?"

"ಇಲ್ಲ."

"ಯಾರಿಗಾದ್ರೂ ಕೊಟ್ಟಿದ್ದು?"

"ಇಲ್ಲ."

"ತಗೊಂಡೆ ಅಂತ ಯಾರಾದ್ರೂ ನಿಮಗೆ ಹೇಳಿದ್ರಾ?"

"ಇಲ್ಲಮ್ಮ."

"ಸೇದ್ತಾನೆ ಅಂತಾದ್ರೂ ಮುಂಚೆ ಗೊತ್ತಿತ್ತಾ?"

ಮಾಸ್ಟರು ನೆಲ ನೋಡಿದರು. ಅದೂ ಗೊತ್ತಿರಲಿಲ್ಲ.

"ಮತ್ತೆ ಊರಿಗೆಲ್ಲ ಹಂಚ್ತಾನೆ ಅಂದ್ರಲ್ಲ?"

"ಅದು ಮಾತಿಗೆ ಹೇಳಿದ್ದು."

"ಮಾತಿಗೆ" ಎಂದರು ವಕೀಲಮ್ಮ. ಬನ್ನಿನ ಚೂರನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡರು. "ಸರಿ. ಮೊದಲು ಹುಡುಗನನ್ನ ನೋಡಿ ಮಾತಾಡ್ಕೊಂಡು ಬರ್ತೀನಿ. ವಕಾಲತ್ತಿಗೆ ಅವನೇ ಸಹಿ ಹಾಕ್ಬೇಕು. ಆಮೇಲೆ ನಿಮ್ಮನ್ನ ಕರೀತೀನಿ. ಕೋರ್ಟಲ್ಲಿ ನಾನು ಕೇಳಿದ್ದಕ್ಕೆ ಇದ್ದಿದ್ದು ಇದ್ದ ಹಾಗೆ ಹೇಳ್ಬೇಕು, ಅಷ್ಟೇ. ಆಗುತ್ತಾ?"

"ನೇರವಾಗಿ ಮಾತಾಡೋದು ನನಗೆ ಹೇಳ್ಕೊಡ್ಬೇಕಾಗಿಲ್ಲ" ಎಂದರು ಮಾಸ್ಟರು.

ಜಾಮೀನಿನ ಅರ್ಜಿ ಮತ್ತೆ ಬಂದ ದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕತ್ತರಿ ಮಾಸ್ಟರು ಕಟಕಟೆ ಹತ್ತುತ್ತಾರೆ ಎಂದು ಕೆಲಸವಿದ್ದ ವಕೀಲರೂ ಇಲ್ಲದ ವಕೀಲರೂ ಬಂದು ತುಂಬಿದ್ದರು. ಇಸ್ಪೀಟು ಮೇಜು ಕೂಡ ಆವತ್ತು ಖಾಲಿ. ಮಾಸ್ಟರು ಮೇಲೆ ನಿಂತು ನೋಡಿದರೆ ಕೆಳಗೆಲ್ಲ ತಾವೇ ಹೊಲಿದ ಕೋಟುಗಳು.

ತಂದೆಯ ಮಾತೊಂದರ ಮೇಲೆಯೇ ಹುಡುಗನನ್ನು ಮಾರಾಟಗಾರ ಎಂದಿರುವುದರಿಂದ, ಆ ತಂದೆಯನ್ನೇ ಕೇಳಿಬಿಡೋಣ ಎಂದು ವಕೀಲಮ್ಮ ನ್ಯಾಯಾಧೀಶರನ್ನು ಒಪ್ಪಿಸಿದ್ದರು. ನೋಡಿದ್ದೀರಾ, ಕೇಳಿದ್ದೀರಾ ಎಂದು ಬೇಕರಿಯ ಮೇಲೆ ಕೇಳಿದ್ದನ್ನೇ ಇಲ್ಲಿಯೂ ಕೇಳಿದರು. ಇಲ್ಲ, ಇಲ್ಲ, ಇಲ್ಲ ಎಂದರು ಮಾಸ್ಟರು. ಸರ್ಕಾರಿ ವಕೀಲ ಎದ್ದ.

"ಹಾಗಾದ್ರೆ ಪೊಲೀಸರ ಮುಂದೆ ಸುಳ್ಳು ಹೇಳಿದ್ರಾ ಮಾಸ್ಟ್ರೇ? ಅಥವಾ ಮಗನನ್ನ ಉಳಿಸ್ಕೊಳ್ಳೋಕೆ ಈಗ ಹೇಳ್ತಿದ್ದೀರಾ?"

ಮಾಸ್ಟರು ವಕೀಲಮ್ಮನ ಮುಖ ನೋಡಿದರು. ಸುಳ್ಳು ಎಂದರೂ ಕೆಟ್ಟಿತು, ಅಲ್ಲ ಎಂದರೂ ಕೆಟ್ಟಿತು. ವಕೀಲಮ್ಮ ಅವರ ಕಡೆ ತಿರುಗಿದರು.

"ಮಾಸ್ಟ್ರೇ, ನೀವು ನನ್ನ ಹತ್ರ ಮೊದಲ ಸಲ ಬಂದಾಗ ನನ್ನ ಕೋಟಿಗೆ ಏನಂದ್ರಿ?"

"ಅದೇನಕ್ಕಮ್ಮ ಈಗ?"

"ಹೇಳಿ."

"ಗೋಣಿಚೀಲ ಅಂದೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಿಮ್ಮ ಮಗ ಹೊಲಿದ ಕಾಜಾಗೆ?"

"ಇಲಿ ಬಿಲ."

"ನಿಜವಾಗ್ಲೂ ಅದರಲ್ಲಿ ಇಲಿ ಇತ್ತಾ?"

"ಇಲ್ಲಮ್ಮ. ಮಾತಿಗೆ ಅನ್ನೋದು."

ವಕೀಲಮ್ಮ ಸಭೆಯ ಕಡೆ ಕೈ ತೋರಿಸಿ ನ್ಯಾಯಾಧೀಶರಿಗೆ ಹೇಳಿದರು. "ಸ್ವಾಮಿ, ಇಲ್ಲಿ ಮಾಸ್ಟರ ಅಂಗಡಿಯಲ್ಲಿ ಕೋಟು ಹೊಲಿಸಿದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಮಾಸ್ಟರ ಬಾಯಿಂದ ಒಂದಾದರೂ ಹೀನಾಯದ ಮಾತು ಕೇಳದವರು ಇದ್ದರೆ ದಯವಿಟ್ಟು ಕೈ ಎತ್ತಲಿ."

ಒಂದು ಕೈಯೂ ಏಳಲಿಲ್ಲ. ಮೊಣಕೈ ವಕೀಲರು ಸೂರು ನೋಡಿದರು, ಮಾನಸ್ಥ ವಕೀಲರು ಕೆಮ್ಮಿದರು. ಸರ್ಕಾರಿ ವಕೀಲನಿಗೆ, ಮಾಸ್ಟರು ಅವನ ಬೆನ್ನ ಹಿಂದೆ ಅಂದ ದಿಂಬಿನ ಕವರಿನ ವಿಷಯ ಯಾರೋ ಯಾವತ್ತೋ ಮುಟ್ಟಿಸಿದ್ದರು ಅಂತ ಕಾಣುತ್ತದೆ. ಅವನು ಮುಖ ಕೆಂಪಗೆ ಮಾಡಿಕೊಂಡು ಕಡತದೊಳಗೆ ಏನನ್ನೋ ಹುಡುಕತೊಡಗಿದ.

"ಇವರು ಸುಳ್ಳುಗಾರರಲ್ಲ ಸ್ವಾಮಿ" ಎಂದರು ವಕೀಲಮ್ಮ. "ಇವರ ಮಾತಿಗೆ ಬೆಲೆ ಇಲ್ಲ, ಅಷ್ಟೇ. ಈ ಬೀದಿಗೆಲ್ಲ ಅದು ಗೊತ್ತು. ಪೊಲೀಸರಿಗೆ ಮಾತ್ರ ಗೊತ್ತಿರಲಿಲ್ಲ."

ಕೋರ್ಟು ಗೊಳ್ಳೆಂದಿತು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಳ್ಳುವ ನೆಪದಲ್ಲಿ ತುಟಿ ಮುಚ್ಚಿಕೊಂಡು, ಆಮೇಲೆ ಮಾಸ್ಟರನ್ನೇ ಕೇಳಿದರು. "ಏನಪ್ಪಾ, ಇವರು ಹೇಳೋದು ನಿಜಾನಾ?"

ನಲವತ್ತು ವರ್ಷ ಕೂಡಿಟ್ಟುಕೊಂಡಿದ್ದ ಗತ್ತು ಒಂದು ಕಡೆ, ಮಗ ಒಂದು ಕಡೆ. ಮಾಸ್ಟರು ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹೌದು ಸ್ವಾಮಿ" ಎಂದರು. "ನನ್ನ ಮಾತಿಗೆ ಬೆಲೆ ಇಲ್ಲ." ಹೀಗೆ ಹೇಳುವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು. ಅವರ ಪರವಾಗಿ ಒಂದು ಒಳ್ಳೆಯ ಮಾತು ಹೇಳುವುದಾದರೆ ಇದೊಂದನ್ನೇ ಹೇಳಬೇಕು.

ಜಾಮೀನು ಸಿಕ್ಕಿತು. ಮಾರಾಟದ ಮಾತಿಗೆ ಈ ತನಕ ಆಧಾರವೇ ಇಲ್ಲ ಎಂದೂ ನ್ಯಾಯಾಧೀಶರು ಬರೆಸಿದರು.

ಹೊರಗಿನ ಮೊಗಸಾಲೆಗೆ ಬರುವಷ್ಟರಲ್ಲಿ ಮಾಸ್ಟರು ಅರ್ಧ ಚೇತರಿಸಿಕೊಂಡಿದ್ದರು. ಅವಮಾನ ಆದರೂ ಆಯಿತು, ಮಗ ಮನೆಗೆ ಬರುತ್ತಾನೆ. ಅಂಗಡಿಯ ಅಟ್ಟದ ಮೇಲಿನ ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಬೇಕು ಎಂದು ಹೆಂಡತಿಗೆ ಹೇಳುತ್ತಿದ್ದರು. ಆಗ ವಕೀಲಮ್ಮ ಒಂದು ಕಾಗದವನ್ನು ನಾದಿನಿಯ ಕೈಗೆ ಕೊಟ್ಟು, ಸಹಿ ಹಾಕಬೇಕಾದ ಜಾಗವನ್ನು ತೋರಿಸಿದರು.

"ಅವಳ್ಯಾಕೆ ಸಹಿ ಹಾಕೋದು?" ಎಂದರು ಮಾಸ್ಟರು.

"ಅವರೇ ಜಾಮೀನುದಾರರು. ಹುಡುಗ ಇನ್ನು ಮೇಲೆ ಅವರ ಮನೇಲಿ ಇರ್ತಾನೆ. ಅರ್ಜೀಲಿ ಆ ವಿಳಾಸಾನೇ ಕೊಟ್ಟಿದ್ದೀನಿ."

"ನನ್ನ ಮಗ ನನ್ನ ಮನೆಗೆ ಬರ್ದೆ ಇನ್ನೆಲ್ಲಿಗೆ ಹೋಗ್ತಾನೆ? ನಿಮ್ಮನ್ನ ವಕೀಲರು ಅಂತ ಇಟ್ಟಿದ್ದು ಯಾಕೆ ನಾನು?"

"ನೀವು ನನ್ನನ್ನ ಇಟ್ಟಿಲ್ಲ ಮಾಸ್ಟ್ರೇ. ನಾನು ನಿಮ್ಮ ವಕೀಲೆ ಅಲ್ಲ, ನಿಮ್ಮ ಮಗನ ವಕೀಲೆ. ಅವನನ್ನ ಕೇಳ್ದೆ, ಬಿಟ್ರೆ ಎಲ್ಲಿಗೆ ಹೋಗ್ತೀಯ ಅಂತ. ಆ ಅಂಗಡಿಗೆ ವಾಪಸ್ ಹೋಗೋದಾದ್ರೆ ಜೈಲಲ್ಲೇ ಇರ್ತೀನಿ ಅಂದ."

ಹೆಂಡತಿಯ ಮುಖ ನೋಡಿದರು ಮಾಸ್ಟರು. ಅವಳಿಗೆ ಇದು ಮೊದಲೇ ಗೊತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಸಂಜೆ ಮಾಸ್ಟರು ಮೊದಲ ಸಲ ಜೈಲಿನ ಗೇಟಿಗೆ ಬಂದರು. ಯಾರೂ ಕರೆದಿರಲಿಲ್ಲ. ಅಕ್ಕ ತಂಗಿ ಆಟೋ ಹಿಡಿದು ಬಂದಿದ್ದರು, ಇವರು ಹಿಂದಿನಿಂದ ನಡೆದುಕೊಂಡೇ ಬಂದರು. ಬರುವ ದಾರಿಯುದ್ದಕ್ಕೂ ಒಂದು ಒಳ್ಳೆಯ ಮಾತನ್ನು ಬಾಯಲ್ಲಿ ಕಟ್ಟಿಕೊಂಡು, ಮರೆತು, ಮತ್ತೆ ಕಟ್ಟಿಕೊಂಡು ಬಂದಿದ್ದರು. ಏನೂ ದೊಡ್ಡ ಮಾತಲ್ಲ. ತಪ್ಪಾಯ್ತು ಕಣೋ ಎಂದೋ, ಬಾ ಊಟ ಮಾಡೋಣ ಎಂದೋ. ಬೇರೆ ಅಪ್ಪಂದಿರು ದಿನಕ್ಕೊಂದು ಸಲ ಆಡಿ ಮರೆತುಬಿಡುವಂಥದ್ದು.

ಸಣ್ಣ ಬಾಗಿಲು ತೆರೆಯಿತು. ಮಗ ಬಗ್ಗಿ ಹೊರಗೆ ಬಂದ. ತೆಳ್ಳಗಾಗಿದ್ದ, ಆದರೆ ಬೆನ್ನು ನೆಟ್ಟಗಿತ್ತು. ತಾಯಿ ಅವನ ಕೆನ್ನೆ ಮುಟ್ಟಿ ಮುಟ್ಟಿ ಅತ್ತಳು. ನಾದಿನಿ ಅವನ ಚೀಲ ಇಸಿದುಕೊಂಡಳು. ಮಾಸ್ಟರು ಹತ್ತಿರ ಬಂದು ನಿಂತರು. ಅವರ ಕಣ್ಣು ಮಗನ ಅಂಗಿಯ ತೋಳಿನ ಮೇಲೆ ಬಿತ್ತು. ಅಲ್ಲಿ ಉದ್ದಕ್ಕೂ ಹರಿದದ್ದನ್ನು ಕೈಯಿಂದಲೇ ಹೊಲಿಯಲಾಗಿತ್ತು. ಎಳೆ ಎಳೆಯಾಗಿ, ಒಂದೇ ಅಳತೆಯ ಸಣ್ಣ ಹೊಲಿಗೆ. ಅಷ್ಟು ಚೆಂದದ ಕೈ ಮಾಸ್ಟರಿಗೇ ಇರಲಿಲ್ಲ.

"ಇದನ್ನ ಹೊಲಿದಿದ್ದು ಯಾರು?"

"ನಾನೇ."

ಚೆನ್ನಾಗಿದೆ ಎಂಬ ಮಾತು ಮಾಸ್ಟರ ಎದೆಯಿಂದ ಹೊರಟಿತು. ಅವರು ಆ ಮಾತನ್ನೇ ಹೇಳಬೇಕೆಂದಿದ್ದರು, ದೇವರಾಣೆಗೂ ಅದನ್ನೇ ಹೇಳಬೇಕೆಂದಿದ್ದರು. ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಅದು ಬೇರೆಯೇ ಆಗಿತ್ತು.

"ದಾರ ಬಣ್ಣಕ್ಕೆ ಹೊಂದ್ತಿಲ್ಲ."

ಮಗ ತೋಳನ್ನೊಮ್ಮೆ ನೋಡಿಕೊಂಡ. ಸಿಟ್ಟಾಗಲಿಲ್ಲ.

"ಜೈಲಲ್ಲಿ ಬೇರೆ ದಾರ ಇರ್ಲಿಲ್ಲಪ್ಪ" ಎಂದು ಆಟೋ ಹತ್ತಿ ಕೂತ. ನಾದಿನಿ ಒಂದು ಕಡೆ ಹತ್ತಿದಳು. ಹೆಂಡತಿ ಒಂದು ಕ್ಷಣ ಗಂಡನನ್ನು ನೋಡಿ, ಇನ್ನೊಂದು ಕಡೆ ಹತ್ತಿದಳು. ಆಟೋದಲ್ಲಿ ಮೂವರಿಗೆ ಜಾಗವಿತ್ತು, ಅವರು ಮೂವರಿದ್ದರು.